ದೊಡ್ಡವಳ ಕೈಗುಣ

ಪಶುರೋಗ ಸಂಶೋಧನಾ ಕೇಂದ್ರದ ಡಾಕ್ಟ್ರಮ್ಮನಿಗೆ ಹೈನುಗಾರರು ಇಟ್ಟ ಹೆಸರು ಸೂಜಿಯಮ್ಮ. ಬಂದಳೆಂದರೆ ಹಸುಗಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡು ಹೋಗುತ್ತಾಳೆ, ಒಂದು ಗುಳಿಗೆ ಕೂಡ ಕೊಡುವುದಿಲ್ಲ ಎಂಬುದು ಅವರ ದೂರು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಳ್ಳುವ ಜಾಯಮಾನ ಅವಳದಲ್ಲ. “ಸೂಜಿಯಮ್ಮ ಬಂದಿದೀನಿ, ಗೇಟ್ ತೆಗೀರಿ” ಎಂದು ತಾನೇ ಕೂಗಿಕೊಂಡು ಒಳಗೆ ನುಗ್ಗುತ್ತಿದ್ದಳು.

ಐವತ್ತು ದಾಟಿದ ಗಟ್ಟಿ ದನಿಯ ಹೆಂಗಸು. ಮಂಡಿಯವರೆಗಿನ ರಬ್ಬರ್ ಬೂಟು, ಮೂಗಿನ ಮೇಲೆ ಜಾರುವ ಕನ್ನಡಕ. ಹಸುವಿನ ಬಾಲ ಎತ್ತಿ ಹಿಡಿದು ಬುಡದಲ್ಲಿ ಸೂಜಿ ಹಾಕಿದರೆ ಅದು ಮೆಲುಕು ಹಾಕುವುದನ್ನೂ ನಿಲ್ಲಿಸುತ್ತಿರಲಿಲ್ಲ, ಅಷ್ಟು ಹಗುರ ಕೈ. ಹಸುವಿನ ಜೊತೆ ಮಾತಾಡುತ್ತಲೇ ಕೆಲಸ ಮುಗಿಸುವಳು. “ನನ್ನ ಸೊಸೆ ದನಗಳ ಹತ್ರ ಆಡೋ ಮಾತಲ್ಲಿ ಕಾಲು ಭಾಗ ನನ್ನ ಹತ್ರ ಆಡಿದ್ರೆ ಸಾಕಿತ್ತು” ಎಂದು ಅವಳ ಅತ್ತೆ ಬಂದವರೆದುರು ಹೇಳುತ್ತಿದ್ದರು. “ನೀವೂ ಅವುಗಳ ಹಾಗೆ ಎದುರು ಮಾತಾಡದೆ ಇದ್ರೆ ಆಡ್ತೀನಿ ಅತ್ತೆ” ಎಂದು ಇವಳು. ಇಬ್ಬರೂ ನಗುತ್ತಿದ್ದರು.

ಅವಳು ಬೆನ್ನು ಹತ್ತಿದ್ದ ರೋಗದ ಹೆಸರು ಬ್ರುಸೆಲ್ಲೋಸಿಸ್. ದನ ಕಟ್ಟುವವರ ಬಾಯಲ್ಲಿ ಅದು ಕಂದುರೋಗ. ಮೇವು ತಿಂದುಕೊಂಡು ಗುಂಡುಗುಂಡಾಗಿರುವ ಗಬ್ಬದ ಹಸು, ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಸತ್ತ ಕರುವನ್ನು ಕಂದು ಹಾಕಿಬಿಡುತ್ತದೆ. ಕರುವಿನ ಹಿಂದೆ ಬೀಳಬೇಕಾದ ಮಾಸು ಬೀಳುವುದಿಲ್ಲ. ಆ ಮಾಸಿನಲ್ಲಿ, ನೀರಿನಲ್ಲಿ, ಒದ್ದೆಯಾದ ಹುಲ್ಲಿನಲ್ಲಿ ರೋಗಾಣು ಲೆಕ್ಕವಿಲ್ಲದಷ್ಟು. ಪಕ್ಕದ ಹಸು ಮೂತಿ ಹಾಕಿದರೆ ಅದಕ್ಕೂ ಬಂತು. ಹಸುವಿಗೆ ಇದಕ್ಕೆ ಮದ್ದಿಲ್ಲ. ರೋಗ ಹತ್ತಿದ್ದನ್ನು ಬೇರೆ ಮಾಡಬೇಕು, ಹೆಣ್ಣು ಕರುಗಳಿಗೆ ಎಳವೆಯಲ್ಲೇ ಲಸಿಕೆ ಹಾಕಿಸಬೇಕು. ಅಷ್ಟೇ ದಾರಿ.

ಹಾಲಿನ ಡೈರಿಗೆ ಬರುವ ಪ್ರತಿ ಮನೆಯ ಹಾಲನ್ನೂ ಕೇಂದ್ರದವರು ಆಗಾಗ ಪರೀಕ್ಷೆ ಮಾಡುತ್ತಿದ್ದರು. ಸಣ್ಣ ಗಾಜಿನ ನಳಿಕೆಯಲ್ಲಿ ಹಾಲು ಹಾಕಿ, ಬಣ್ಣದ ದ್ರಾವಣದ ಒಂದು ಹನಿ ಬಿಟ್ಟು, ಬೆಚ್ಚಗಿಟ್ಟರೆ ರೋಗವಿದ್ದ ಹಾಲಿನಲ್ಲಿ ಕೆನೆಯ ಸುತ್ತ ನೀಲಿ ಉಂಗುರ ಕಟ್ಟುತ್ತದೆ. ಆ ಸಲ ಎರಡು ನಳಿಕೆಗಳಲ್ಲಿ ಉಂಗುರ ಕಟ್ಟಿತು. ಎರಡೂ ಹಾಲು ಒಂದೇ ರಸ್ತೆಯವು. ಅಕ್ಕಪಕ್ಕದ ಕೊಟ್ಟಿಗೆಗಳು, ನಡುವೆ ಒಂದು ಗೋಡೆ.

ಆ ಗೋಡೆಗೆ ಒಂದು ಕಥೆಯಿತ್ತು. ಕೊಟ್ಟಿಗೆಗಳ ಯಜಮಾನರು ಒಡಹುಟ್ಟಿದ ಅಣ್ಣ ತಮ್ಮ. ಅಪ್ಪ ತೀರಿಕೊಂಡ ಮೇಲೆ ಹಸು, ಜಮೀನು, ಮೇವಿನ ಬಣವೆ ಎಲ್ಲ ನಗುನಗುತ್ತ ಪಾಲಾಯಿತು. ಹಾಲು ಕರೆಯುವ ಮಷೀನಿನ ಹತ್ತಿರ ಬಂದಾಗ ಎಡವಿತು. ಅದು ಇದ್ದದ್ದು ಒಂದೇ. ಒಬ್ಬ ನನ್ನದು ಎಂದ, ಇನ್ನೊಬ್ಬ ಕೈಬಿಡಲಿಲ್ಲ. ಮಾತಿಗೆ ಮಾತು ಬೆಳೆದು, ಆಡಬಾರದ್ದನ್ನೆಲ್ಲ ಆಡಿ, ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತು. ಯಾರೂ ಬಳಸದ ಮಷೀನಿನ ರಬ್ಬರ್ ಕೊಳವೆಗಳನ್ನು ಇಲಿಗಳು ತಿಂದು ತೇಗಿದವು. ಅಣ್ಣ ತಮ್ಮ ಮಾತ್ರ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಕಳೆದಿದ್ದವು.

ಸೂಜಿಯಮ್ಮ ಎರಡೂ ಕೊಟ್ಟಿಗೆಗಳ ಹಸುಗಳ ರಕ್ತ ತೆಗೆದಳು. ಅಣ್ಣನ ಕಡೆ ಮೂರಕ್ಕೆ ರೋಗವಿತ್ತು, ತಮ್ಮನ ಕಡೆ ಎರಡಕ್ಕೆ. ಎರಡೂ ಕಡೆಯ ರೋಗದ ಹಸುಗಳ ಹಾಲಿನಿಂದ ರೋಗಾಣು ಬೆಳೆಸಿ ತಾಳೆ ನೋಡಿದಾಗ, ಒಂದೇ ಬೆರಳಿನ ಎರಡು ಗುರುತಿನ ಹಾಗೆ ಹೊಂದಿಕೊಂಡವು. ಒಂದು ಕಡೆಯದೇ ಇನ್ನೊಂದು ಕಡೆಗೆ ಹೋಗಿದೆ, ಅನುಮಾನವೇ ಇಲ್ಲ.

“ಅವನ ಕೊಟ್ಟಿಗೆಯ ಕೊಳಕು ನನ್ನ ಕಡೆ ಬಂದಿದೆ, ಇನ್ನೇನು” ಎಂದ ಅಣ್ಣ.

“ಅವರು ಸಂತೆಯಿಂದ ಸಿಕ್ಕಸಿಕ್ಕಿದ್ದನ್ನೆಲ್ಲ ಹೊಡ್ಕೊಂಡು ಬರ್ತಾರೆ. ನಾನು ಹೊರಗಿನ ಹಸು ತರಲ್ಲ. ನನ್ನ ಕೊಟ್ಟಿಗೆಯಲ್ಲಿರೋದೆಲ್ಲ ಇಲ್ಲೇ ಹುಟ್ಟಿದ್ದು” ಎಂದ ತಮ್ಮ. ಆಮೇಲೆ ಎದೆಯುಬ್ಬಿಸಿ ಸೇರಿಸಿದ: “ಹೆರಿಗೇನೂ ಮನೆಯಲ್ಲೇ. ನನ್ನ ಹೆಂಡತೀನೇ ಮಾಡಿಸ್ತಾಳೆ, ಯಾರನ್ನೂ ಕರೆಯಲ್ಲ.”

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಹುಲ್ಲಿನ ಕಡ್ಡಿಯೊಂದನ್ನು ಮುರಿಯುತ್ತ ನೆಲ ನೋಡಿದಳು.

ಸಂಶೋಧನಾ ಕೇಂದ್ರದ ಮುಖ್ಯಸ್ಥರಿಗೆ ವಿಷಯ ಅಲ್ಲಿಗೆ ಮುಗಿದಿತ್ತು. “ಅಕ್ಕಪಕ್ಕದ ಮನೆ ಅಂದ್ಮೇಲೆ ಹೇಗೋ ಬಂದಿರುತ್ತೆ ಬಿಡಿ. ವರದಿ ಕೊಟ್ಟು ಮುಗಿಸಿ” ಎಂದರು.

“ಹೇಗೋ ಬಂದಿರುತ್ತೆ ಅಂತ ಹೇಳೋದಕ್ಕೆ ನಾನ್ಯಾಕೆ ಬೇಕು ಸರ್? ದಾರಿ ಮುಚ್ಚದೆ ಹಸು ಮಾತ್ರ ಸಾಗಿಸಿದ್ರೆ, ಹೇಗೋ ಬಂದಿದ್ದು ಹೇಗೋ ಮತ್ತೆ ಬರುತ್ತೆ. ನಾನು ಕಂಡುಹಿಡೀತೀನಿ” ಎಂದಳು ಸೂಜಿಯಮ್ಮ. ಕಂಡುಹಿಡಿಯಬಲ್ಲೆ ಎಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ರೋಗಾಣುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಯಾವುದರ ಮೇಲೋ ಕೂತೇ ಬಂದಿರಬೇಕು. ಯಾವುದರ ಮೇಲೆ ಎಂದು ಹುಡುಕುವುದೇ ಅವಳ ಕೆಲಸ, ಮತ್ತು ಆ ಕೆಲಸ ಅವಳಿಗೆ ಬರುತ್ತಿತ್ತು.

ಮೊದಲು ನಾಯಿಯನ್ನು ಹಿಡಿದಳು. ನಾಯಿಗಳು ಮಾಸನ್ನು ಕಚ್ಚಿಕೊಂಡು ಎಲ್ಲೆಲ್ಲೋ ಬಿಸಾಡುವುದುಂಟು. ಅಣ್ಣನ ನಾಯಿಗೆ ಮುಪ್ಪಾಗಿ ಸರಪಳಿಯ ಉದ್ದವನ್ನೂ ದಾಟಲಾಗದು. ತಮ್ಮನ ಮನೆಯಲ್ಲಿ ನಾಯಿಯೇ ಇಲ್ಲ. ಚರಂಡಿಗೆ ಬಣ್ಣದ ನೀರು ಸುರಿದು ನೋಡಿದಳು. ಎರಡು ಕೊಟ್ಟಿಗೆಗಳ ಚರಂಡಿಗಳು ಎರಡು ದಿಕ್ಕಿಗೆ ಹರಿಯುತ್ತಿದ್ದವು, ಯಜಮಾನರ ಹಾಗೆಯೇ. ಹೋರಿಯ ಮಾತೇ ಇರಲಿಲ್ಲ, ಇಬ್ಬರೂ ಸರ್ಕಾರಿ ಕೇಂದ್ರದ ಸೂಜಿಯಲ್ಲೇ ಗಬ್ಬ ಕಟ್ಟಿಸುತ್ತಿದ್ದರು. ಹಾಲಿನ ಕ್ಯಾನು ಬೇರೆ, ಮೇವಿನ ಗಾಡಿ ಬೇರೆ. ಜಗಳವಾಡಿ ಬೇರಾದವರು ಇಷ್ಟು ಅಚ್ಚುಕಟ್ಟಾಗಿ ಬೇರಾಗಿದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ. ರೋಗ ತಡೆಯುವುದು ಹೇಗೆಂದು ಇವರಿಂದಲೇ ಪಾಠ ಹೇಳಿಸಬಹುದಿತ್ತು, ರೋಗವೊಂದು ಬರದೆ ಇದ್ದಿದ್ದರೆ.

ಮತ್ತೊಮ್ಮೆ ರಕ್ತ ತೆಗೆಯಲು ಬಂದ ದಿನ ಅಣ್ಣ ತಮ್ಮ ಇಬ್ಬರೂ ಮನೆಯಲ್ಲಿರಲಿಲ್ಲ. ಒಬ್ಬ ಡೈರಿಗೆ, ಒಬ್ಬ ಹಿಂಡಿ ತರಲು ಹೋಗಿದ್ದರು. ತಮ್ಮನ ಕೊಟ್ಟಿಗೆಯಲ್ಲಿ ಚಂಡಿ ಎಂಬ ಹಸುವಿತ್ತು. ಚೊಚ್ಚಲು ಈದು ಕೆಲವೇ ತಿಂಗಳಾಗಿತ್ತು, ಹೆಸರಿಗೆ ತಕ್ಕ ಹಾಗೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ತಮ್ಮನ ಹೆಂಡತಿ, ಇಬ್ಬರು ಸೊಸೆಯರಲ್ಲಿ ಚಿಕ್ಕವಳು, ಹಗ್ಗ ಜಗ್ಗಿ ಹಿಡಿದಿದ್ದಳು. ಸೂಜಿಯಮ್ಮ ಒಂದು ಸಲ ಬಾಲ ಹಿಡಿದು ಒದೆ ತಪ್ಪಿಸಿಕೊಂಡಳು, ಇನ್ನೊಂದು ಸಲ ತಪ್ಪಿಸಿಕೊಳ್ಳಲಾಗದೆ ಮಂಡಿ ಉಜ್ಜಿಕೊಂಡಳು.

ಆಗ ಗೋಡೆಯ ಆ ಕಡೆಯಿಂದ ಅಣ್ಣನ ಹೆಂಡತಿ ದೊಡ್ಡವಳ ದನಿ ಕೇಳಿಸಿತು. ತನ್ನ ಕರುವಿಗೆ ಬೈಯುತ್ತಿದ್ದಳು: “ಏಯ್, ಸುಮ್ನೆ ನಿಂತ್ಕೊಳೇ ಕತ್ತೆ! ಎಷ್ಟು ಸಲ ಹೇಳ್ಬೇಕು ನಿಂಗೆ?”

ಚಂಡಿಯ ಕಿವಿಗಳು ತಟ್ಟನೆ ಗೋಡೆಯ ಕಡೆ ತಿರುಗಿದವು. ಎತ್ತಿದ ಕಾಲು ಕೆಳಗಿಳಿಯಿತು. ಕತ್ತು ಉದ್ದ ಮಾಡಿ, ಗಂಟಲೊಳಗೇ ಮೆಲ್ಲಗೆ, ಹಸು ತನ್ನವರನ್ನು ಕರೆಯುವ ಹಾಗೆ ಕರೆಯಿತು. ಸೂಜಿಯಮ್ಮ ಆರಾಮಾಗಿ ರಕ್ತ ತೆಗೆದು ನಳಿಕೆಗೆ ಬಿರಟೆ ಹಾಕಿದಳು. ಆಮೇಲೆ ಕನ್ನಡಕ ಮೇಲಕ್ಕೆ ತಳ್ಳಿ ಗೋಡೆ ನೋಡಿದಳು, ಹಸು ನೋಡಿದಳು, ಚಿಕ್ಕವಳನ್ನು ನೋಡಿದಳು. ಚಿಕ್ಕವಳ ಮುಖ ಬಿಳಿಚಿಕೊಂಡಿತ್ತು.

ಚಂಡಿ ಹುಟ್ಟಿದ್ದು ಗೋಡೆ ಎದ್ದ ಮೇಲೆ. ಕೊಟ್ಟಿಗೆ ಬಿಟ್ಟು ಆಚೆ ಹೋದ ಹಸುವಲ್ಲ. ಗೋಡೆಯಾಚೆಯ ದನಿ ಇದಕ್ಕೆ ಇಷ್ಟು ಹತ್ತಿರದ್ದು ಹೇಗಾಯಿತು?

“ಚಂಡಿ ಹೆರಿಗೆ ಕಷ್ಟ ಆಗಿತ್ತು, ಕರು ತಲೆ ಹಿಂದಕ್ಕೆ ತಿರುಗಿತ್ತು ಅಂತ ನಿಮ್ಮೆಜಮಾನ್ರು ಹೇಳಿದ್ರಲ್ಲ. ನೀವು ಹೇಗೆ ಸರಿ ಮಾಡಿದ್ರಿ?” ಎಂದಳು ಸೂಜಿಯಮ್ಮ, ಏನೂ ಅರಿಯದವಳ ಹಾಗೆ.

“ಒಳಗೆ ಕೈ ಹಾಕಿ... ಹೀಗೆ ತಿರುಗಿಸ್ದೆ.” ಚಿಕ್ಕವಳು ಗಾಳಿಯಲ್ಲಿ ಡಬ್ಬಿಯ ಮುಚ್ಚಳ ತಿರುಪಿದ ಹಾಗೆ ಕೈ ತಿರುಗಿಸಿದಳು.

“ಹಾಗೆ ತಿರುಗಿಸಿದ್ರೆ ಆ ಕರು ಇವತ್ತು ಮೂಲೆಯಲ್ಲಿ ಹುಲ್ಲು ತಿನ್ತಾ ನಿಂತಿರ್ತಿರಲಿಲ್ಲ ಕಣಮ್ಮ. ಮೊದಲು ಕರುವನ್ನ ಒಳಕ್ಕೆ ತಳ್ಬೇಕು. ಆಮೇಲೆ ತಲೆ.”

ಚಿಕ್ಕವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಗೋಡೆಯ ಹತ್ತಿರ ಹೋಗಿ ಮೆಲ್ಲಗೆ ಕರೆದಳು. “ಅಕ್ಕಾ, ಬಂದ್ಬಿಡು. ಗೊತ್ತಾಗೋಯ್ತು.”

ಆ ಕಡೆ ಕರು ಕಟ್ಟಿದ ಸದ್ದಾಯಿತು. ಆಮೇಲೆ ಹುಲ್ಲಿನ ಮೆದೆಯ ಹಿಂದೆ ಏಣಿಯ ಮೆಟ್ಟಿಲು ಕಿರುಗುಟ್ಟಿತು. ಗೋಡೆಯ ಮೇಲೆ ಒಂದು ಅಗಲವಾದ ಮುಖ ಕಾಣಿಸಿತು, ಹಿಂದೆಯೇ ತೋಳು, ಭುಜ. ದೊಡ್ಡವಳು ಎತ್ತರದ ದಪ್ಪ ಹೆಂಗಸು. ಈ ಕಡೆಯ ಮೇವಿನ ಮೂಟೆಗಳ ಮೇಲೆ ಕಾಲಿಟ್ಟು ಇಳಿದ ರೀತಿ ನೋಡಿದರೆ ಅದು ಅವಳಿಗೆ ದಿನನಿತ್ಯದ ದಾರಿ ಎಂದು ಯಾರಾದರೂ ಹೇಳಬಹುದಿತ್ತು. ಇಳಿದು ಸೊಂಟ ಹಿಡಿದುಕೊಂಡು ಮೂಟೆಯ ಮೇಲೆ ಕುಳಿತಳು. ಚಂಡಿ ಅವಳ ತೋಳು ನೆಕ್ಕತೊಡಗಿತು.

“ಕಳ್ಳಿ ಸಿಕ್ಕಿಬಿದ್ದೆ. ಹೇಳಿ ಡಾಕ್ಟ್ರೇ, ಏನ್ ಶಿಕ್ಷೆ?” ಎಂದಳು.

ಗಂಡಂದಿರು ಮಾತು ಬಿಟ್ಟರೂ ವಾರಗಿತ್ತಿಯರು ಬಿಟ್ಟಿರಲಿಲ್ಲ. ಮೊದಮೊದಲು ಗೋಡೆಗೆ ಬೆನ್ನು ಕೊಟ್ಟು ಆ ಕಡೆ ಒಬ್ಬಳು ಈ ಕಡೆ ಒಬ್ಬಳು ಕೂತು ಮಾತಾಡುತ್ತಿದ್ದರು. ಒಂದು ಮಧ್ಯಾಹ್ನ ತಮ್ಮನ ಹಸು ಈಯಲಾರದೆ ನರಳುತ್ತಿದ್ದಾಗ, ಮನೆಯಲ್ಲಿ ಗಂಡಸರಿಲ್ಲದೆ ಚಿಕ್ಕವಳು ಅಳುತ್ತ ನಿಂತಿದ್ದಾಗ, ದೊಡ್ಡವಳು ಏಣಿ ಇಟ್ಟಳು. ಅಂದಿನಿಂದ ಆ ಕೊಟ್ಟಿಗೆಯ ಕಷ್ಟದ ಹೆರಿಗೆಯೆಲ್ಲ ಅವಳದೇ. ಹಸು ಹೆರಿಗೆ ಮಾಡಿಸುವುದರಲ್ಲಿ ಅವಳದು ಎತ್ತಿದ ಕೈ.

“ಅಕ್ಕನ ಕೈಗುಣ ಅಂಥದ್ದು ಡಾಕ್ಟ್ರೇ. ಅವಳು ಬೆನ್ನು ಸವರಿದ್ರೆ ಸಾಕು, ಹಸು ಹೆದರಿಕೆ ಬಿಡುತ್ತೆ” ಎಂದಳು ಚಿಕ್ಕವಳು.

ದೊಡ್ಡವಳು ತನ್ನ ಅಂಗೈ ನೋಡಿಕೊಂಡು ಹೆಮ್ಮೆಯಿಂದ ನಕ್ಕಳು. ಆ ನಗುವನ್ನು ನೋಡಿ ಸೂಜಿಯಮ್ಮನಿಗೆ ಮುಂದಿನ ಪ್ರಶ್ನೆ ಕೇಳುವುದು ಕಷ್ಟವಾಯಿತು. ಆದರೂ ಕೇಳಿದಳು.

“ನಿಮ್ಮ ಯಜಮಾನ್ರು ಸಂತೆಯಿಂದ ತಂದ ಹಸು ಕಂದು ಹಾಕಿತ್ತಂತಲ್ಲ, ಅದರ ಮಾಸು ತೆಗೆದಿದ್ದು ಯಾರು?”

“ನಾನೇ. ಬೀಳದೆ ನಿಂತ್ಬಿಟ್ಟಿತ್ತು, ಕೈ ಹಾಕಿ ತೆಗೆದೆ.”

“ಆಮೇಲೆ ಈ ಕಡೆ ಯಾವಾಗ ಬಂದ್ರಿ?”

“ಅವತ್ತೇ. ಇವಳ ಬಿಳಿ ಹಸು ಈಯ್ತಾ ಇತ್ತು.” ದೊಡ್ಡವಳ ನಗು ನಿಧಾನವಾಗಿ ಆರಿತು. “ಕೈ ತೊಳ್ಕೊಂಡಿದ್ದೆ ಡಾಕ್ಟ್ರೇ. ಸೋಪು ಹಾಕಿ ತೊಳ್ಕೊಂಡಿದ್ದೆ.”

“ಬಟ್ಟೆ?”

“ಬಟ್ಟೆ... ಅದೇ.”

“ಕರು ಎಳೆಯೋ ಹಗ್ಗ?”

“ಹಗ್ಗಾನೂ ಅದೇ. ನನ್ನ ಕೈಗೆ ಒಗ್ಗಿರೋ ಹಗ್ಗ.” ಮೆಲ್ಲಗೆ ಕೇಳಿದಳು: “ಹಾಗಾದ್ರೆ ನಾನೇನಾ ತಂದಿದ್ದು?”

ಇಲ್ಲ ಎಂದು ತೇಲಿಸಿಬಿಡಬಹುದಿತ್ತು. ಸೂಜಿಯಮ್ಮ ಹಾಗೆ ಮಾಡುವವಳಲ್ಲ. ಬಕೆಟನ್ನು ಬೋರಲು ಹಾಕಿ ಅವಳೆದುರು ಕೂತಳು. “ಹೌದು. ನಿಮ್ಮ ಹಗ್ಗದ ಮೇಲೆ, ಬಟ್ಟೆ ಮೇಲೆ ಬಂದಿದೆ. ಹಸು ತಂದವರು ಪರೀಕ್ಷೆ ಮಾಡಿಸ್ಲಿಲ್ಲ. ಕಂದು ಹಾಕಿದಾಗ ನಮಗೆ ಹೇಳ್ಲಿಲ್ಲ. ನಾವು ಕೂಡ ಇಷ್ಟು ವರ್ಷ ರಕ್ತ ತಗೊಂಡು ಹೋದ್ವೇ ಹೊರತು, ಹೆರಿಗೆ ಮಾಡಿಸೋ ಹೆಂಗಸ್ರನ್ನ ಕೂರಿಸ್ಕೊಂಡು ಹೀಗೆ ಬರುತ್ತೆ ಅಂತ ಹೇಳ್ಲಿಲ್ಲ. ಆ ತಪ್ಪು ನಮ್ಮದು. ಇನ್ನೊಂದು ಮಾತು ಕೇಳ್ತೀನಿ, ನಿಜ ಹೇಳಿ. ಸಂಜೆ ಹೊತ್ತು ಜ್ವರ ಬರುತ್ತಾ ನಿಮಗೆ?”

ದೊಡ್ಡವಳು ಚಂಡಿಯ ಕತ್ತು ಸವರತೊಡಗಿದಳು. ಚಿಕ್ಕವಳೇ ಬಾಯಿಬಿಟ್ಟಳು. “ಬರುತ್ತೆ. ಬಂದು ಹೋಗುತ್ತೆ, ಮತ್ತೆ ಬರುತ್ತೆ. ಬೆವತು ದಿಂಬೆಲ್ಲ ಒದ್ದೆ ಆಗುತ್ತಂತೆ. ಸೊಂಟ ನೋವು ಬೇರೆ. ವಯಸ್ಸಾಯ್ತು ಅಂತ ಮಾತ್ರೆ ನುಂಗ್ತಾ ಕೂತಿದಾಳೆ.”

“ವಯಸ್ಸಲ್ಲ ಅದು. ಹಸುವಿಗೆ ಬಂದಿರೋದೇ ನಿಮಗೂ ಬಂದಿರೋ ಹಾಗಿದೆ. ರಕ್ತ ಪರೀಕ್ಷೆ ಮಾಡಿಸೋಣ. ಹೆದರ್ಬೇಡಿ. ಹಸುವಿಗಾದ್ರೆ ಮದ್ದಿಲ್ಲ, ಮನುಷ್ಯರಿಗಿದೆ. ನೀವು ಹಸು ಆಗದೆ ಇದ್ದಿದ್ದು ಒಳ್ಳೇದಾಯ್ತು.”

ದೊಡ್ಡವಳು ಅಳುವ ಹೊತ್ತಿನಲ್ಲಿ ಫಕ್ಕನೆ ನಕ್ಕುಬಿಟ್ಟಳು.

ಆಸ್ಪತ್ರೆಗೆ ಸೂಜಿಯಮ್ಮ ತನ್ನ ಗಾಡಿಯಲ್ಲೇ ಇಬ್ಬರನ್ನೂ ಕರೆದುಕೊಂಡು ಹೋದಳು. ಅವಳು ಊಹಿಸಿದ್ದೇ ಸರಿಯಾಯಿತು. ದೊಡ್ಡವಳ ರಕ್ತದಲ್ಲಿ ರೋಗವಿತ್ತು, ಚಿಕ್ಕವಳದು ಶುದ್ಧ. ಆಸ್ಪತ್ರೆಯ ವೈದ್ಯರು ಎರಡು ಬಗೆಯ ಮಾತ್ರೆ ಕೊಟ್ಟು, ಆರು ವಾರ ಒಂದು ಹೊತ್ತೂ ತಪ್ಪಿಸಬಾರದು ಎಂದರು. ಹಿಂದಿರುಗುವ ದಾರಿಯಲ್ಲಿ ಚಿಕ್ಕವಳು ಅಂಗಲಾಚಿದಳು. “ಗಂಡಸ್ರಿಗೆ ಏಣಿ ವಿಷಯ ಗೊತ್ತಾಗೋದು ಬೇಡ ಡಾಕ್ಟ್ರೇ. ಮನೆ ರಣರಂಗ ಆಗುತ್ತೆ.”

“ರೋಗ ಹಗ್ಗದ ಮೇಲೆ ಬಂತು ಅಂತ ನಾನು ವರದಿಯಲ್ಲಿ ಹೇಳಲೇಬೇಕು. ಹಗ್ಗ ಯಾರ ಕೈಯಲ್ಲಿತ್ತು ಅಂತ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು” ಎಂದಳು ಸೂಜಿಯಮ್ಮ.

ದೊಡ್ಡವಳು ಕಿಟಕಿಯಾಚೆ ನೋಡುತ್ತಿದ್ದಳು. “ನಾನೇ ಹೇಳ್ತೀನಿ” ಎಂದಳು. “ಹಸುಗಳು ಹೋಗ್ತಾ ಇವೆ. ಯಾಕೆ ಹೋದ್ವು ಅಂತ ಅವರಿಗೂ ಗೊತ್ತಾಗ್ಲಿ.”

ರೋಗದ ಹಸುಗಳನ್ನು ಇಲಾಖೆಯ ಲಾರಿ ಬೇರೆ ಕಡೆಗೆ ಸಾಗಿಸಲು ಬಂದ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ರಸ್ತೆಯಲ್ಲಿ ನಿಂತಿದ್ದರು. ಅಣ್ಣ ಗೋಡೆ ನೋಡುತ್ತಿದ್ದ, ತಮ್ಮ ಆಕಾಶ. ಹೇಳುವುದನ್ನೆಲ್ಲ ಸೂಜಿಯಮ್ಮನ ಮೂಲಕವೇ ಹೇಳುತ್ತಿದ್ದರು.

“ಅವರಿಗೆ ಹೇಳಿ ಡಾಕ್ಟ್ರೇ, ಅವರ ಸಂತೆ ಹಸುವಿನಿಂದ ನನ್ನ ಮನೆ ಹಾಳಾಯ್ತು ಅಂತ.”

“ಅವನನ್ನ ಕೇಳಿ, ನನ್ನ ಹಸು ಗೋಡೆ ಹಾರಿ ಹೋಯ್ತಾ ಅಂತ.”

“ಹಸು ಹಾರ್ಲಿಲ್ಲ, ನಾನು ಹಾರಿದೆ” ಎಂದಳು ದೊಡ್ಡವಳು. ಎಲ್ಲವನ್ನೂ ಬಿಡಿಸಿ ಹೇಳಿದಳು. ಏಣಿ, ಹೆರಿಗೆ, ಹಗ್ಗ, ತನ್ನ ಜ್ವರ ಏನನ್ನೂ ಮುಚ್ಚಿಡಲಿಲ್ಲ.

ಅಣ್ಣನ ಕೋಪ ನೆತ್ತಿಗೇರಿತು. “ನನ್ನ ಬೆನ್ನ ಹಿಂದೆ ಅವನ ಕೊಟ್ಟಿಗೆಗೆ ಹೋಗ್ತಿದ್ಯಾ?” ಎಂದು ಗುಡುಗಿದ. ಆದರೆ ಹೆಂಡತಿಗೆ ಕಾಯಿಲೆ ಎಂದು ಕೇಳಿದ್ದು ಒಂದು ಗಳಿಗೆ ತಡವಾಗಿ ತಲೆಗೆ ಹೋಯಿತು. ದನಿ ಅಲ್ಲೇ ಉಡುಗಿತು. “ಜ್ವರ ಬರ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ?”

ತಮ್ಮ ಆಕಾಶ ನೋಡುವುದನ್ನು ಬಿಟ್ಟಿದ್ದ. ಹೆಂಡತಿಯ ಕಡೆ ತಿರುಗಿದ. “ಹಾಗಾದ್ರೆ ಇಷ್ಟು ವರ್ಷ ನೀನು ಒಂದು ಹೆರಿಗೇನೂ ಮಾಡಿಸಿಲ್ವಾ?”

“ಬಿಸಿನೀರು ಕಾಯಿಸಿದೀನಿ” ಎಂದಳು ಚಿಕ್ಕವಳು.

ಲಾರಿಯ ಚಾಲಕ ನಕ್ಕುಬಿಟ್ಟ. ತಮ್ಮ ಕೆಂಪಗಾದ. ಡೈರಿಯಲ್ಲಿ ಎಷ್ಟು ಜನರೆದುರು ಹೆಂಡತಿಯ ಬಗ್ಗೆ ಕೊಚ್ಚಿಕೊಂಡಿದ್ದನೋ ಅವನಿಗೇ ಗೊತ್ತು. ಅತ್ತಿಗೆಯತ್ತ ಒಮ್ಮೆ ನೋಡಿದ. ಆಮೇಲೆ ಹಸುಗಳನ್ನು ಲಾರಿ ಹತ್ತಿಸಲು ಹೋದ. ಅಣ್ಣನ ಕಡೆಯ ಮುದಿ ಹಸು ಹತ್ತಲೊಲ್ಲದೆ ನಿಂತಾಗ ಹಿಂದಿನಿಂದ ಕೈ ಕೊಟ್ಟವನೂ ಅವನೇ. ಲಾರಿ ಹೊರಟ ಮೇಲೆ ಎರಡು ಮನೆಗಳ ಗೇಟುಗಳೂ ಬೇಗ ಮುಚ್ಚಿಕೊಂಡವು.

ಆಮೇಲಿನದು ಸೂಜಿಯಮ್ಮನ ಕೆಲಸ. ಎರಡೂ ಕೊಟ್ಟಿಗೆಗಳನ್ನು ತೊಳೆಸಿ, ಸುಣ್ಣ ಬಳಿಸಿ, ಹಳೆಯ ಹಗ್ಗಗಳನ್ನು ಸುಡಿಸಿದಳು. ಎಳೆಯ ಹೆಣ್ಣು ಕರುಗಳಿಗೆ ಲಸಿಕೆ ಹಾಕಿದಳು. ಹಾಲು ಕುದಿಸದೆ ಯಾರೂ ಬಾಯಿಗೆ ಹಾಕಬಾರದೆಂದು ತಾಕೀತು ಮಾಡಿದಳು. ಬಾಗಿಲಲ್ಲಿ ಬೂಟು ಅದ್ದಲು ಔಷಧಿ ನೀರಿನ ತಟ್ಟೆ ಇಡಿಸಿದಳು. ಅಣ್ಣ ಅದನ್ನು ದಾಟುವಾಗಲೆಲ್ಲ ಗೊಣಗುತ್ತಿದ್ದ, ಆದರೆ ಅದ್ದದೆ ದಾಟುತ್ತಿರಲಿಲ್ಲ. ಕೇಂದ್ರದ ಮುಖ್ಯಸ್ಥರು ವರದಿಯನ್ನು ಎರಡು ಸಲ ಓದಿ, “ಹಗ್ಗಾನಾ?” ಎಂದರು. “ಹಗ್ಗ, ಸರ್” ಎಂದಳು. ಅವಳ ಮುಂದಿನ ಕೆಲಸಕ್ಕೆ ಒಪ್ಪಿಗೆ ಅಲ್ಲೇ ಸಿಕ್ಕಿತು. ಹೆರಿಗೆ ಮಾಡಿಸುವ ಹೆಂಗಸರನ್ನು ಹುಡುಕಿ, ಅವರಿಗೆ ತೋಳಿನುದ್ದದ ಗ್ಲೌಸು ಕೊಟ್ಟು, ಕಲಿಸಿ, ಆ ಕೊಟ್ಟಿಗೆಗಳಲ್ಲಿ ರೋಗ ಎಷ್ಟು ಇಳಿಯುತ್ತದೆಂದು ನೋಡುವ ಕೆಲಸ.

ದೊಡ್ಡವಳು ಮೊದಲು ಒಲ್ಲೆ ಎಂದಳು. “ನನ್ನ ಕೈ ಸಾಕು ಡಾಕ್ಟ್ರೇ. ಇನ್ನು ಯಾವ ಹಸುವನ್ನೂ ಮುಟ್ಟಲ್ಲ.”

“ಈ ಕಡೆಯಲ್ಲಿ ನಿಮ್ಮಷ್ಟು ಹೆರಿಗೆ ಮಾಡಿಸಿದವರು ಯಾರಿದಾರೆ, ಹೇಳಿ, ಅವರನ್ನೇ ಕರೀತೀನಿ” ಎಂದಳು ಸೂಜಿಯಮ್ಮ. ದೊಡ್ಡವಳು ಬಹಳ ಹೊತ್ತು ಯೋಚಿಸಿದಳು. ಯಾರ ಹೆಸರೂ ಹೊಳೆಯಲಿಲ್ಲ. ಮಾತ್ರೆಗಳು ಮುಗಿದು, ಜ್ವರ ಬಿಟ್ಟು, ಸೊಂಟ ನೆಟ್ಟಗಾದ ಮೇಲೆ ಒಂದು ದಿನ ತಾನಾಗಿಯೇ ಕೇಂದ್ರಕ್ಕೆ ಬಂದು ಗ್ಲೌಸು ಹಾಕಿಕೊಳ್ಳುವುದನ್ನು ಕಲಿತಳು. “ಒಳಗೆ ಏನೂ ಗೊತ್ತಾಗಲ್ಲ ಇದರಲ್ಲಿ” ಎಂದು ಬೈದಳು. ಮೂರನೇ ಹೆರಿಗೆಯ ಹೊತ್ತಿಗೆ ಬೈಯುವುದನ್ನು ಬಿಟ್ಟಳು.

ಮುಂದಿನ ವರ್ಷದ ಪರೀಕ್ಷೆಯಲ್ಲಿ ಎರಡೂ ಕೊಟ್ಟಿಗೆಗಳ ಹಾಲಿನಲ್ಲಿ ಉಂಗುರ ಕಟ್ಟಲಿಲ್ಲ. ಅದರ ಮುಂದಿನ ಸಲವೂ ಇಲ್ಲ.

ಅಷ್ಟರಲ್ಲಿ ಒಂದು ಬೆಳಿಗ್ಗೆ ತಮ್ಮನ ಕೊಟ್ಟಿಗೆಯಲ್ಲಿ ಒಂದು ಕಡಸು ಈಯಲು ಕೂತಿತು. ದೊಡ್ಡವಳು ಈಗ ರಸ್ತೆಯ ಗೇಟಿನಿಂದಲೇ ಬರುತ್ತಿದ್ದಳು, ಒಗೆದ ಬಟ್ಟೆ ತೊಟ್ಟು, ಬೂಟು ಅದ್ದಿ. ಮಾದರಿ ತೆಗೆದುಕೊಳ್ಳಲು ಸೂಜಿಯಮ್ಮನೂ ಬಂದಿದ್ದಳು. ಕರು ಭಾರಿ ದೊಡ್ಡದು. ಕಾಲು ಕಂಡಿತು, ಮೂತಿ ಕಂಡಿತು, ಅಲ್ಲೇ ನಿಂತಿತು. ತಮ್ಮನೊಬ್ಬನ ಬಲ ಸಾಲದು.

“ಹೋಗಿ ನಿಮ್ಮ ಭಾವನ್ನ ಕರ್ಕೊಂಡು ಬಾಮ್ಮ” ಎಂದಳು ಸೂಜಿಯಮ್ಮ ಚಿಕ್ಕವಳಿಗೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚಿಕ್ಕವಳು ಓಡಿದಳು.

ಅಣ್ಣ ಬಂದ. ತಟ್ಟೆಯಲ್ಲಿ ಬೂಟು ಅದ್ದಿದ. ತಮ್ಮನ ಪಕ್ಕ ನಿಂತು ಹೊಸ ಹಗ್ಗದ ತುದಿ ಹಿಡಿದ. ದೊಡ್ಡವಳು ಭುಜದವರೆಗೆ ಗ್ಲೌಸು ಎಳೆದುಕೊಂಡು ಒಳಗೆ ಕೈಯಿಟ್ಟು, “ನಾನು ಹೇಳಿದಾಗ ಎಳೀರಿ. ಹಸು ತಿಣುಕಿದಾಗ ಮಾತ್ರ” ಎಂದಳು. ತಮ್ಮನಿಗೆ ಆತುರ, ಮೊದಲೇ ಜಗ್ಗಿದ.

“ಲೋ, ತಡಿಯೋ! ಇನ್ನೂ ಹೇಳಿಲ್ಲ ಅವಳು!” ಎಂದ ಅಣ್ಣ.

“ನೀನು ಕೆಳಕ್ಕೆ ಎಳಿ, ನೇರ ಎಳೀಬೇಡ” ಎಂದ ತಮ್ಮ.

“ನಂಗೆ ಹೇಳ್ಕೊಡ್ತೀಯಾ? ನಿಂಗೆ ಹಗ್ಗ ಹಿಡಿಯೋದು ಕಲಿಸಿದ್ದೇ ನಾನು!”

“ಕಲಿಸಿದ್ದು ಅಪ್ಪ!”

“ಇಬ್ರೂ ಬಾಯಿ ಮುಚ್ಚಿ ಎಳೀರಿ!” ಎಂದು ದೊಡ್ಡವಳು ಕಿರುಚಿದಳು. ಇಬ್ಬರೂ ಬಾಯಿ ಮುಚ್ಚಿ ಎಳೆದರು. ಕರು ಜಾರಿಕೊಂಡು ಹುಲ್ಲಿನ ಮೇಲೆ ಬಿತ್ತು, ಅದರ ಹಿಂದೆಯೇ ಅಣ್ಣ ತಮ್ಮ ಇಬ್ಬರೂ ದಬಕ್ಕನೆ ಕೂತರು. ದೊಡ್ಡವಳು ಕರುವಿನ ಮೂಗು ಒರೆಸಿ, ಪಕ್ಕೆ ಉಜ್ಜಿದಳು. ಅದು ಒಂದು ಸಲ ಸೀನಿ ತಲೆ ಎತ್ತಿತು. ಹೆಣ್ಣು ಕರು.

ಅಣ್ಣ ತಮ್ಮ ಎದ್ದು ಬಟ್ಟೆ ಕೊಡವಿಕೊಳ್ಳುತ್ತ, ಯಾರು ತಪ್ಪು ಎಳೆದರೆಂದು ಜಗಳ ಮುಂದುವರಿಸಿದರು. ಅದೀಗ ನೇರವಾಗಿ, ಮುಖಾಮುಖಿ. ಚಿಕ್ಕವಳು ಅವರಿಬ್ಬರ ನಡುವೆಯೇ ನುಸುಳಿ ಬಿಸಿನೀರಿನ ಬಕೆಟ್ ತಂದಿಟ್ಟಳು. ಮಾಸು ಬಿದ್ದ ಮೇಲೆ ಸೂಜಿಯಮ್ಮ ಅದರ ಒಂದು ತುಂಡನ್ನು ಸೀಸೆಗೆ ಹಾಕಿಕೊಂಡಳು. ಉಳಿದದ್ದನ್ನು ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕೆಂದು ಹೇಳಿ, ಆ ಕೆಲಸಕ್ಕೆ ಅಣ್ಣ ತಮ್ಮ ಇಬ್ಬರನ್ನೂ ಒಟ್ಟಿಗೆ ಕಳಿಸಿದಳು.